ಬಿಸಿಹಾಲಿನ ಬೆಕ್ಕಿಗೆ ಹೊಸ ಮನೆ

ಹಾಲು ಕಂಡರೆ ಓಡುವ ಬೆಕ್ಕು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಿತು. ಕೃಷ್ಣದೇವರಾಯ ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸಿದ. ರಾಮಕೃಷ್ಣ ಮೊದಲ ದಿನವೇ ಕೊತಕೊತ ಕಾದ ಹಾಲನ್ನು ಬೆಕ್ಕಿನ ಮುಂದಿಟ್ಟ. ನಾಲಿಗೆ ಸುಟ್ಟುಕೊಂಡ ಬೆಕ್ಕು ಅಂದಿನಿಂದ ತಣ್ಣನೆಯ ಹಾಲಿಟ್ಟರೂ ಓಟ ಕಿತ್ತಿತು, ಹಸುವಿನ ಹಾಲೆಲ್ಲ ಮನೆಯವರ ಪಾಲಾಯಿತು. ನಾವು ರಾಮಕೃಷ್ಣನ ಚತುರತೆಗೆ ನಕ್ಕು ಎದ್ದುಬಿಡುತ್ತೇವೆ. ಬೆಕ್ಕಿನ ಕಡೆಯಿಂದ ಕೇಳಿದರೆ ಕಥೆ ಇನ್ನೂ ಅರ್ಧದಲ್ಲಿದೆ. ಒಂದೇ ಸಲ ಸುಟ್ಟ ನಾಲಿಗೆ ಅಷ್ಟು ಗಟ್ಟಿಯಾಗಿ ಪಾಠ ಕಲಿತದ್ದು ಹೇಗೆ? ಆ ಬೆಕ್ಕನ್ನು ಯಾರಾದರೂ ಕರುಣೆಯಿಂದ ಬೇರೆ ಊರಿನ ಬೇರೆ ಮನೆಗೆ ಒಯ್ದಿದ್ದರೆ ಅದರ ಭಯ ಹಂಪಿಯಲ್ಲೇ ಉಳಿಯುತ್ತಿತ್ತೇ, ಜೊತೆಗೆ ಹೋಗುತ್ತಿತ್ತೇ?

ಎರಡನೆಯ ಪ್ರಶ್ನೆ ಇಂದಿನದು. ಹೆದರಿದ ಬೆಕ್ಕುಗಳಿಗೆ ಮನೆ ಹುಡುಕುವವರೆಲ್ಲ ಒಂದು ವಿಚಿತ್ರವನ್ನು ಬಲ್ಲರು. ಪ್ರಾಣಿಗಳ ಆಸರೆಮನೆಯಲ್ಲಿ ತಿಂಗಳುಗಟ್ಟಲೆ ಮೂಲೆ ಹಿಡಿದು ಕೂತಿದ್ದ ಬೆಕ್ಕು ಕೊನೆಗೂ ಊಟ ಹಾಕುವವರ ಕಾಲು ಸವರಲು ಶುರುಮಾಡುತ್ತದೆ. ಇನ್ನು ಇದಕ್ಕೆ ಮನೆ ಸಿಕ್ಕರೆ ಸಾಕು ಎಂದು ಎಲ್ಲರೂ ಹಿಗ್ಗುತ್ತಾರೆ. ಮನೆ ಸಿಗುತ್ತದೆ, ಒಳ್ಳೆಯ ಮನೆಯೇ ಸಿಗುತ್ತದೆ. ಅಲ್ಲಿಗೆ ಹೋದ ಮರುಗಳಿಗೆ ಬೆಕ್ಕು ಬೀರುವಿನ ಹಿಂದೆ ನುಗ್ಗಿ, ಮೂರು ದಿನ ಕಳೆದರೂ ಹೊರಗೆ ಬಾರದೆ, ಕೈ ಚಾಚಿದವರಿಗೆ ಫುಸ್ ಎಂದು ಉಗಿಯುತ್ತದೆ. ಕಲಿತದ್ದೆಲ್ಲ ಎಲ್ಲಿ ಹೋಯಿತು? ಹೊಸ ಮನೆಯವರು ಮೋಸ ಹೋದೆವೆಂದುಕೊಳ್ಳುತ್ತಾರೆ. ವಾರದೊಳಗೆ ಬೆಕ್ಕು ವಾಪಸು ಬರುತ್ತದೆ, ಹೊಂದಿಕೊಳ್ಳುವುದಿಲ್ಲ ಎಂಬ ಹಣೆಪಟ್ಟಿ ಹೊತ್ತು. ಆ ಹಣೆಪಟ್ಟಿ ತಪ್ಪು ಎಂಬುದೇ ಈ ಅಧ್ಯಾಯದ ವಾದ.

ಬೆಂಗಳೂರಿನಿಂದ ಸೋಮನಹಳ್ಳಿಗೆ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಬೆಂಗಳೂರು–ಮೈಸೂರು ಹಾದಿಯ ಊರು. ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಹೆಸರಿನ ಮೊದಲಕ್ಷರ ಈ ಊರಿನದು. ಹಾದಿಯ ಒಂದು ತುದಿಯಲ್ಲಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕಟ್ಟಿದ ಕ್ಯೂಪಾದಂಥ ಬೆಂಗಳೂರಿನ ಪ್ರಾಣಿದಯಾ ಸಂಸ್ಥೆಗಳಿವೆ, ಇನ್ನೊಂದು ತುದಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಮೈಸೂರು ಘಟಕವಿದೆ. ನಡುವಿನ ಕಬ್ಬು, ಭತ್ತ, ರೇಷ್ಮೆಯ ಸೀಮೆಯಲ್ಲಿ ಬೆಕ್ಕು ಕೈ ಬದಲಾಗುವುದು ಬಾಯಿಮಾತಿನಲ್ಲೇ: ನಿಮ್ಮ ಮನೇಲಿ ಮರಿ ಹಾಕಿದ್ದರೆ ಒಂದು ಕೊಡಿ, ಇಲಿ ಜಾಸ್ತಿಯಾಗಿವೆ ಎಂದು ಕೇಳಿ ತರುವುದು. ಕೇಳಿ ತರುವುದು ಮರಿಯನ್ನೇ; ಬೆಳೆದ, ಅದರಲ್ಲೂ ಅಂಜುಬುರುಕ ಬೆಕ್ಕನ್ನು ಯಾರೂ ಕೇಳುವುದಿಲ್ಲ. ವಾದಕ್ಕಾಗಿ ಒಂದು ಸಂದರ್ಭ ಇಟ್ಟುಕೊಳ್ಳೋಣ. ಬೀದಿಯಲ್ಲಿ ಪೆಟ್ಟು ತಿಂದು ಬೆಂಗಳೂರಿನ ಆಸರೆಮನೆಯೊಂದನ್ನು ಸೇರಿದ ಮೂರು ವರ್ಷದ ಹೆಣ್ಣು ಬೆಕ್ಕು, ಅಲ್ಲಿ ನಿಧಾನಕ್ಕೆ ಚೇತರಿಸಿಕೊಂಡು, ಸೋಮನಹಳ್ಳಿಯ ಒಂದು ಹೆಂಚಿನ ಮನೆಗೆ ಹೊರಟಿದೆ. ಮನೆಯವರು ಒಳ್ಳೆಯವರು, ಹಿತ್ತಿಲಿದೆ, ಅಟ್ಟವಿದೆ, ಊಟಕ್ಕೆ ಕೊರತೆಯಿಲ್ಲ. ಬೆಕ್ಕಿಗೆ ಮುಂದೇನಾಗುತ್ತದೆ?

ಅದಕ್ಕೆ ಮೊದಲು ಹೆದರಿಕೆಯ ಮೂಲದ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ದಾಟಬೇಕು. ಅಂಜುವ ಬೆಕ್ಕನ್ನು ಕಂಡ ಕೂಡಲೇ ಪಾಪ ಯಾರೋ ಹೊಡೆದಿರಬೇಕು ಎನ್ನುತ್ತೇವೆ. ಎಷ್ಟೋ ಸಲ ಯಾರೂ ಹೊಡೆದಿರುವುದಿಲ್ಲ, ಯಾರೂ ಮುಟ್ಟಿರುವುದೂ ಇಲ್ಲ, ತೊಂದರೆ ಇರುವುದೇ ಅಲ್ಲಿ. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಕೈಗೆತ್ತಿ ಆಡಿಸಿ ನೋಡಿದರು. ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದವರೆಗೆ ಮನುಷ್ಯರ ಕೈ ಕಂಡ ಮರಿಗಳು ಮನುಷ್ಯರಿಗೆ ಸಲೀಸಾದವು. ಆ ಕಾಲ ಮೀರಿದ ಮೇಲೆ ಮುಟ್ಟಿಸಿಕೊಂಡವು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಈ ಐದು ವಾರಗಳನ್ನು ಪರಿಚಯದ ಕಾಲ ಎನ್ನೋಣ. ನಮ್ಮ ಹಳ್ಳಿಗಳಲ್ಲಿ ತಾಯಿ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತಿಸುತ್ತದೆ ಎಂಬ ಮಾತಿದೆಯಲ್ಲ, ಅದು ಸುತ್ತಿಸುವುದು ಮನುಷ್ಯರ ಕಣ್ಣು ತಪ್ಪಿಸಲು, ಮತ್ತು ಬಹುಪಾಲು ಈ ವಾರಗಳಲ್ಲೇ. ಸೌದೆ ರಾಶಿಯ ಹಿಂದೆ ಯಾರ ಕಣ್ಣಿಗೂ ಬೀಳದೆ ಎರಡು ತಿಂಗಳಾದ ಮರಿಗೆ ಮನುಷ್ಯ ಎಂದರೆ ಒಂದು ದೊಡ್ಡ ಅಪರಿಚಿತ ಪ್ರಾಣಿ. ತಂದೆಯ ಪಾಲೂ ಇದೆ. ಬ್ರಿಟನ್ನಿನ ಸಾಂಡ್ರಾ ಮೆಕ್ಯೂನ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಿಗಳು ಒಮ್ಮೆಯೂ ಅಪ್ಪನ ಮುಖ ನೋಡದಿದ್ದರೂ, ಧೈರ್ಯದ ಅಪ್ಪನ ಮರಿಗಳು ಹೊಸ ಮನುಷ್ಯರ ಹತ್ತಿರವೂ ಹೊಸ ವಸ್ತುಗಳ ಹತ್ತಿರವೂ ಬೇಗ ಬಂದವು. ಹಾಗಾಗಿ ಹೆದರಿಕೆಯನ್ನು ಕಂಡು ಯಾರ ಕ್ರೌರ್ಯ ಎಂದು ಪತ್ತೆ ಹಚ್ಚಲು ಕೂರುವುದು ಬೇಡ. ರಕ್ತದಿಂದ ಬಂದಿರಲಿ, ಎಳೆತನದ ಕೊರತೆಯಿಂದ ಬಂದಿರಲಿ, ಬೀದಿಯ ಪೆಟ್ಟಿನಿಂದ ಬಂದಿರಲಿ, ಬೆಳೆದ ಬೆಕ್ಕಿನ ತಲೆಯೊಳಗೆ ಅದು ನಡೆದುಕೊಳ್ಳುವ ರೀತಿ ಬಹುಮಟ್ಟಿಗೆ ಒಂದೇ.

ಅಟ್ಟಣೆಯ ಕಾವಲುಗಾರ

ಮಳವಳ್ಳಿ ಕಡೆಯ ಕಾಡಂಚಿನ ಹೊಲಗಳಲ್ಲಿ ಹಂದಿ, ಆನೆ ಕಾಯಲು ರಾತ್ರಿ ಅಟ್ಟಣೆಯ ಮೇಲೆ ಕೂರುವವರಿದ್ದಾರೆ. ಪೊದೆ ಅಲುಗಿದರೆ ಕೂಗು ಹಾಕುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ಗಾಳಿಯೇ ಇರಬಹುದು. ಆದರೂ ಕೂಗುವುದೇ ಲೆಕ್ಕಕ್ಕೆ ಸರಿ. ಗಾಳಿಗೆ ಕೂಗಿದರೆ ಒಂದಿಷ್ಟು ನಿದ್ದೆ ಕೆಡುತ್ತದೆ, ಆನೆಗೆ ಕೂಗದಿದ್ದರೆ ವರ್ಷದ ಬೆಳೆ ಹೋಗುತ್ತದೆ. ಪ್ರಾಣಿಗಳ ಮಿದುಳಿನಲ್ಲೂ ಇಂಥ ಕಾವಲುಗಾರನಿದ್ದಾನೆ. ಕಿವಿಯ ನೇರಕ್ಕೆ ಒಳಗೆ, ಎರಡೂ ಬದಿಯಲ್ಲಿ ಬಾದಾಮಿಯಾಕಾರದ ಒಂದೊಂದು ಗಂಟು, ಹೆಸರು ಅಮಿಗ್ಡಲ. ಪೆಟ್ಟು, ಸುಡುವಿಕೆ, ಉಸಿರು ಕಟ್ಟಿದ ಅನುಭವ ಯಾವುದಾದರೂ ಆದಾಗ ಆ ಕ್ಷಣದಲ್ಲಿದ್ದ ಸದ್ದು, ವಾಸನೆ, ಆಕಾರಗಳನ್ನೆಲ್ಲ ಅದು ಒಟ್ಟಿಗೆ ಗಂಟು ಹಾಕಿಬಿಡುತ್ತದೆ. ಒಂದೇ ಸಲ ಸಾಕು. ಅಷ್ಟೇ ಅಲ್ಲ, ಗಂಟನ್ನು ಸಡಿಲವಾಗಿ ಹಾಕುತ್ತದೆ: ಸುಟ್ಟದ್ದು ಬಿಸಿಹಾಲು, ಹೆದರಿಕೆ ಹುಟ್ಟಿದ್ದು ಬಿಳಿಯ ಹಾಲಿಗೆಲ್ಲ. ಒಬ್ಬ ಮನುಷ್ಯ ಪೊರಕೆಯಲ್ಲಿ ಬಾರಿಸಿದರೆ ಉದ್ದನೆಯ ಕಡ್ಡಿ ಹಿಡಿದ ಎಲ್ಲ ಮನುಷ್ಯರೂ, ಕೊಡೆ ಹಿಡಿದು ಬಂದ ಅಂಚೆಯವರೂ, ಶತ್ರುಗಳೇ. ತಪ್ಪಿ ಹೆದರುವುದು ಅಗ್ಗ, ತಪ್ಪಿ ನಂಬುವುದು ದುಬಾರಿ.

ಮುಂದೆ ಎಷ್ಟೋ ಸಲ ಕಡ್ಡಿ ಹಿಡಿದವರು ಬಂದು ಏನೂ ಮಾಡದೆ ಹೋದರೆ? ಆಗ ಹೆದರಿಕೆ ಇಳಿಯುತ್ತದೆ. ಇವಾನ್ ಪಾವ್ಲೋವ್ ನಾಯಿಗಳಲ್ಲಿ ಕಂಡುಕೊಂಡ ಹಳೆಯ ಸಂಗತಿಯೊಂದನ್ನು ಇಲ್ಲಿ ನೆನೆಯಬೇಕು: ಇಳಿದ ಪಾಠ ಅಳಿಯುವುದಿಲ್ಲ. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವುದನ್ನು ಬಿಟ್ಟ ನಾಯಿ, ಕೆಲಹೊತ್ತು ಬಿಟ್ಟು ಗಂಟೆ ಬಾರಿಸಿದರೆ ಮತ್ತೆ ಸುರಿಸುತ್ತಿತ್ತು. ಸ್ಲೇಟಿನ ಮೇಲೆ ಬರೆದದ್ದನ್ನು ಒರೆಸಿದ ಹಾಗೆ ಮಿದುಳು ಭಯವನ್ನು ಒರೆಸುವುದಿಲ್ಲ. ಇಲ್ಲಿ ಭಯವಿಲ್ಲ ಎಂಬ ಇನ್ನೊಂದು ಪಾಠವನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳುತ್ತದೆ. ಇದನ್ನು ಅಭಯಪಾಠ ಎಂದು ಕರೆಯೋಣ. ಬೆಕ್ಕಿನ ತಲೆಯಲ್ಲಿ ಈಗ ಎರಡು ಪಾಠಗಳು ಒಟ್ಟಿಗಿವೆ. ಯಾವಾಗ ಯಾವುದು ಮೇಲೆ ಬರುತ್ತದೆ ಎಂಬುದರಲ್ಲಿ ನಮ್ಮ ಒಗಟಿನ ಕೀಲಿಯಿದೆ.

ಉದ್ರಿ ಸಿಗುವ ಅಂಗಡಿ

1979ರಲ್ಲಿ ಮಾರ್ಕ್ ಬೌಟನ್ ಮತ್ತು ರಾಬರ್ಟ್ ಬೋಲ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದಿದೆ. ಮೊದಲ ಪೆಟ್ಟಿಗೆಯಲ್ಲಿ ಇಲಿಗೆ ಒಂದು ಸೂಚನೆ ಕೊಟ್ಟು ಬೆನ್ನಿಗೇ ಸಣ್ಣ ವಿದ್ಯುತ್ ಪೆಟ್ಟು ಕೊಟ್ಟರು. ಸೂಚನೆ ಬಂದರೆ ಸಾಕು, ಇಲಿ ಹೆದರತೊಡಗಿತು. ಅದನ್ನು ಬೇರೆ ರೂಪದ, ಬೇರೆ ವಾಸನೆಯ ಎರಡನೇ ಪೆಟ್ಟಿಗೆಗೆ ಒಯ್ದು ಬರೀ ಸೂಚನೆ ಕೊಡುತ್ತ ಹೋದರು, ಪೆಟ್ಟಿಲ್ಲ. ಭಯ ಪೂರ್ತಿ ಇಳಿಯಿತು. ಮೊದಲ ಪೆಟ್ಟಿಗೆಗೆ ಮರಳಿಸಿದ ಕೂಡಲೇ ಭಯ ಎದ್ದು ಕೂತಿತು. ಇದರಲ್ಲಿ ಅಚ್ಚರಿಯಿಲ್ಲ ಎನ್ನಬಹುದು, ಪೆಟ್ಟು ಬಿದ್ದ ಜಾಗವಲ್ಲವೇ. ಅಚ್ಚರಿ ಹುಟ್ಟಿಸುವುದು ಬೌಟನ್ ಮುಂದುವರಿಸಿದ ಪ್ರಯೋಗಗಳು. ಇಲಿಯನ್ನು ಮೊದಲ ಪೆಟ್ಟಿಗೆಗೆ ಬಿಡದೆ, ಅದು ಯಾವ ನೋವನ್ನೂ ಕಾಣದ ಮೂರನೆಯ ಪೆಟ್ಟಿಗೆಗೆ ಬಿಟ್ಟರೂ ಭಯ ಮರುಕಳಿಸಿತು. ಅಂದರೆ ಭಯದ ಪಾಠ ಎಲ್ಲ ಜಾಗಕ್ಕೂ ಅನ್ವಯಿಸುವ ಕಾನೂನಿನಂತೆ ಕೂತಿದೆ, ಅಭಯದ ಪಾಠ ಮಾತ್ರ ಅದನ್ನು ಕಲಿತ ಎರಡನೇ ಪೆಟ್ಟಿಗೆಯ ಗೋಡೆಗೆ ಅಂಟಿಕೊಂಡಿದೆ.

ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ ಇದು ಅಂಗಡಿಯ ಉದ್ರಿಯಿದ್ದಂತೆ. ಇಪ್ಪತ್ತು ವರ್ಷ ಒಂದೇ ಅಂಗಡಿಗೆ ಹೋಗಿ ಬಂದವರಿಗೆ ಅಲ್ಲಿ ಸಾಲದ ಪುಸ್ತಕದಲ್ಲಿ ಒಂದು ಹಾಳೆ ಇರುತ್ತದೆ. ಅದೇ ಮನುಷ್ಯ ಪಕ್ಕದ ತಾಲ್ಲೂಕಿನ ಅಂಗಡಿಗೆ ಹೋಗಿ ಬರೆದುಕೊಳ್ಳಿ ಎಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಸಾಲ ತೀರಿಸಲಿಲ್ಲ ಎಂಬ ಕೆಟ್ಟ ಹೆಸರು ಮಾತ್ರ ಆತನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿರುತ್ತದೆ. ಭಯಕ್ಕೆ ಕೆಟ್ಟ ಹೆಸರಿನ ಕಾಲುಗಳಿವೆ. ಧೈರ್ಯ ಉದ್ರಿಯ ಹಾಗೆ, ಹುಟ್ಟಿದ ಅಂಗಡಿಯಲ್ಲೇ ಕೂತಿರುತ್ತದೆ.

ಈಗ ನಮ್ಮ ಬೆಕ್ಕನ್ನು ನೋಡಿ. ಬೀದಿ ಮೊದಲ ಪೆಟ್ಟಿಗೆ, ಆಸರೆಮನೆ ಎರಡನೆಯದು, ಸೋಮನಹಳ್ಳಿಯ ಹೆಂಚಿನ ಮನೆ ಮೂರನೆಯದು. ಆಸರೆಮನೆಯಲ್ಲಿ ಅದು ಕಲಿತದ್ದು ಮನುಷ್ಯರು ಒಳ್ಳೆಯವರು ಎಂಬ ಸಾಮಾನ್ಯ ತತ್ವವನ್ನಲ್ಲ. ಫಿನಾಯಿಲ್ ವಾಸನೆಯ ಈ ಕೋಣೆಯಲ್ಲಿ, ಬೆಳಿಗ್ಗೆ ಸ್ಟೀಲ್ ತಟ್ಟೆಯ ಸದ್ದಿನೊಂದಿಗೆ ಬರುವ ಈ ನೀಲಿ ಅಂಗಿಯವರು ಒಳ್ಳೆಯವರು ಎಂಬಷ್ಟನ್ನೇ. ಸುಮಾರು 80 ಕಿಲೋಮೀಟರ್ ದೂರ ಬಂದಾಗ ಕೋಣೆಯಿಲ್ಲ, ಆ ವಾಸನೆಯಿಲ್ಲ, ನೀಲಿ ಅಂಗಿಯಿಲ್ಲ. ಅಭಯಪಾಠದ ಪುಟ ತೆರೆಯಲು ಬೇಕಾದ ಒಂದು ಗುರುತೂ ಇಲ್ಲದೆ ಬೆಕ್ಕಿನ ಕೈಯಲ್ಲಿ ಉಳಿದದ್ದು ಬೀದಿಯಲ್ಲಿ ಕಲಿತ ಹಳೆಯ ಪುಟ. ಬೀರುವಿನ ಹಿಂದೆ ನುಗ್ಗಿದ ಬೆಕ್ಕು ಏನನ್ನೂ ಮರೆತಿಲ್ಲ, ಯಾರಿಗೂ ಮೋಸ ಮಾಡಿಲ್ಲ.

ಇಲಿಯ ಪೆಟ್ಟಿಗೆಯ ಮಾತನ್ನು ಬೆಕ್ಕಿನ ಮನೆಗೆ ಹಚ್ಚಬಹುದೇ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಜೇಡಕ್ಕೆ ಹೆದರುವ ಮನುಷ್ಯರ ಚಿಕಿತ್ಸೆಯಲ್ಲೂ ಇದೇ ಮರುಕಳಿಕೆಯನ್ನು ಸಂಶೋಧಕರು ಕಂಡಿದ್ದಾರೆ: ಒಂದು ಕೋಣೆಯಲ್ಲಿ ಜೇಡದ ಭಯ ಗೆದ್ದವರಿಗೆ ಬೇರೆ ಜಾಗದಲ್ಲಿ ಅದೇ ಜೇಡವನ್ನು ತೋರಿಸಿದರೆ ಭಯದ ಒಂದು ಪಾಲು ಮರಳುತ್ತದೆ. ಇಲಿಯಲ್ಲೂ ಮನುಷ್ಯನಲ್ಲೂ ಕೆಲಸ ಮಾಡುವ ವ್ಯವಸ್ಥೆ ನಡುವಿನ ಬೆಕ್ಕನ್ನು ಮಾತ್ರ ಬಿಟ್ಟುಬಿಟ್ಟಿದೆ ಎನ್ನಲು ಕಾರಣವಿಲ್ಲ. ಬೆಕ್ಕಿನಿಂದಲೇ ಬಂದ ಸಾಕ್ಷಿಯೂ ಇದೆ.

ಬೆಕ್ಕುಗಳು ಕಲಿಸಿದ ಚಿಕಿತ್ಸೆ

1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್, ಮೊಲ ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಸುಮಾರು ಮೂರು ವರ್ಷದ ಹುಡುಗನ ಭಯ ಬಿಡಿಸಿದ ಬಗೆಯನ್ನು ಪ್ರಕಟಿಸಿದರು. ಮಗುವನ್ನು ಇಷ್ಟದ ತಿಂಡಿಯೊಂದಿಗೆ ಕೂರಿಸಿ, ಅದು ತಿನ್ನುವುದನ್ನು ನಿಲ್ಲಿಸದಷ್ಟು ದೂರದಲ್ಲಿ ಪಂಜರದ ಮೊಲವನ್ನಿಟ್ಟು, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಡಿಸಿದ. ತಿನ್ನುವ ಸುಖವೂ ಭಯವೂ ಒಂದೇ ಹೊತ್ತಿಗೆ ಒಂದೇ ಮೈಯಲ್ಲಿ ಕೂರಲಾರವು. ಭಯದ ಪ್ರಮಾಣ ಚಿಕ್ಕದಿದ್ದಾಗ ಊಟ ಗೆಲ್ಲುತ್ತದೆ.

ಇದನ್ನು ಕ್ರಮಬದ್ಧ ವಿಧಾನವಾಗಿ ಬೆಳೆಸಿದವರು ದಕ್ಷಿಣ ಆಫ್ರಿಕಾದ ವೈದ್ಯ ಜೋಸೆಫ್ ವೋಲ್ಪೆ. 1940ರ ದಶಕದ ಕೊನೆಯಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಅವರು ಬೆಕ್ಕುಗಳನ್ನು ಪಂಜರದಲ್ಲಿಟ್ಟು ವಿದ್ಯುತ್ ಪೆಟ್ಟು ಕೊಟ್ಟರು. ಇಂದು ಯಾವ ನೀತಿ ಸಮಿತಿಯೂ ಒಪ್ಪಬಾರದ ಪ್ರಯೋಗ, ಓದುವಾಗ ಸಂಕಟವಾಗುತ್ತದೆ. ಆ ಬೆಕ್ಕುಗಳು ಹಸಿದು ಕಂಗಾಲಾಗಿದ್ದರೂ ಆ ಪಂಜರದಲ್ಲಿ ಮಾಂಸ ಮುಟ್ಟಲಿಲ್ಲ, ಆ ಕೋಣೆಯಲ್ಲೇ ಮುಟ್ಟಲು ಹಿಂಜರಿದವು. ವೋಲ್ಪೆ ಅವನ್ನು ಆ ಕೋಣೆಯನ್ನು ಅಷ್ಟಾಗಿ ಹೋಲದ ಇನ್ನೊಂದು ಕೋಣೆಗೆ ಒಯ್ದು ಊಟ ಕೊಟ್ಟರು. ಅಲ್ಲಿ ನಿರಾಳವಾಗಿ ತಿಂದ ಮೇಲೆ ಸ್ವಲ್ಪ ಹೆಚ್ಚು ಹೋಲುವ ಕೋಣೆ, ಆಮೇಲೆ ಇನ್ನೂ ಹೋಲುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೊನೆಗೆ ಪಂಜರದಲ್ಲೇ ತಿನ್ನುವಂತಾದವು. ಇಷ್ಟಾದರೂ ಪೆಟ್ಟಿನ ಜೊತೆ ಕೇಳಿಸುತ್ತಿದ್ದ ಸದ್ದನ್ನು ಕೇಳಿಸಿದಾಗ ಮತ್ತೆ ಹೆದರಿದವು. ಜಾಗದ ಭಯ ಬಿಡಿಸಿದ ಮೇಲೆ ಸದ್ದಿನ ಭಯವನ್ನು ಬೇರೆಯಾಗಿ, ದೂರದಿಂದ ಶುರುಮಾಡಿ ಬಿಡಿಸಬೇಕಾಯಿತು. 1958ರಲ್ಲಿ ವೋಲ್ಪೆ ಬರೆದ ಪುಸ್ತಕದಿಂದ ಮನುಷ್ಯರ ಭಯಚಿಕಿತ್ಸೆಯ ದಾರಿಯೇ ಬದಲಾಯಿತು. ಇಂದು ಲಿಫ್ಟ್‌ಗೆ, ವಿಮಾನಕ್ಕೆ ಹೆದರುವವರಿಗೆ ವೈದ್ಯರು ಹತ್ತಿಸುವ ಮೆಟ್ಟಿಲು ಆ ಬೆಕ್ಕುಗಳು ಹತ್ತಿದ್ದು. ಆ ಋಣವನ್ನು ನೆನೆದಾದರೂ ಅದೇ ಮೆಟ್ಟಿಲನ್ನು ಬೆಕ್ಕುಗಳಿಗೆ ನಾವು ಹಾಕಿಕೊಡಬೇಕು.

ರಟ್ಟಿನ ಡಬ್ಬ, ಒಗೆಯದ ಬಟ್ಟೆ

ಬೌಟನ್ ಬಳಗದ ನಂತರದ ಕೆಲಸ ಒಂದು ಉಪಾಯವನ್ನೂ ತೋರಿಸಿತು. ಅಭಯಪಾಠ ನಡೆಯುವಾಗ ಹಾಜರಿದ್ದ ಒಂದು ಗುರುತನ್ನು ಹೊಸ ಜಾಗಕ್ಕೂ ಒಯ್ದರೆ ಭಯ ಅಷ್ಟಾಗಿ ಮರುಕಳಿಸುವುದಿಲ್ಲ. ಉದ್ರಿಯ ಹೋಲಿಕೆಯಲ್ಲಿ, ಹಳೆಯ ಅಂಗಡಿಯವರನ್ನೇ ಹೊಸ ಅಂಗಡಿಗೆ ಕರೆದುಕೊಂಡು ಹೋಗಿ ಇವರು ನಮ್ಮವರು ಎಂದು ಹೇಳಿಸಿದಂತೆ. ಬೆಕ್ಕಿನ ಲೋಕದಲ್ಲಿ ಅತ್ಯಂತ ನಂಬಿಕಸ್ತ ಗುರುತು ವಾಸನೆ. ಬೆಕ್ಕು ಕೆನ್ನೆಯನ್ನು ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ ಉಜ್ಜುವಾಗ ಕೆನ್ನೆಯ ಗ್ರಂಥಿಗಳ ಒಸರನ್ನು ಅಲ್ಲಿ ಹಚ್ಚುತ್ತದೆ. ಅದು ಬೆಕ್ಕು ತನಗೆ ತಾನೇ ಬರೆದುಕೊಂಡ ಗುರುತು, ಇದು ನನ್ನ ಜಾಗ ಎಂದು. ಆಸರೆಮನೆಯಲ್ಲಿ ಅದು ಮಲಗುತ್ತಿದ್ದ ಬಟ್ಟೆಯನ್ನು ಒಗೆಯದೆ ಕಳಿಸುವುದು ನೋಡುವವರಿಗೆ ಕೊಳಕು ಎನಿಸಬಹುದು. ಬೆಕ್ಕಿಗೆ ಆ ಬಟ್ಟೆ ಅಷ್ಟೂ ತಿಂಗಳ ಅಭಯದ ಸಾಕ್ಷಿ. ಅದೇ ಊಟ, ಅದೇ ತಟ್ಟೆ, ಮಲಕ್ಕೆ ಅದೇ ಮರಳು ಕೂಡ ಹಾಗೆಯೇ. ಹಳ್ಳಿಗೆ ಬಂದಿತೆಂದು ಮೊದಲ ದಿನವೇ ಬಟ್ಟಲು ತುಂಬ ಹಾಲಿಡುವುದು ಬೇಡ. ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ಇನ್ನು ಜಾಗ. ಪ್ರೀತಿಯಿಂದ ಇಡೀ ಮನೆ ತೆರೆದಿಡುವುದು ಸಾಮಾನ್ಯವಾಗಿ ಆಗುವ ಅನಾಹುತ. ಹಜಾರ, ಅಡುಗೆಮನೆ, ಅಟ್ಟ, ಕೊಟ್ಟಿಗೆ ಎಂದರೆ ಬೆಕ್ಕಿಗೆ ನಾಲ್ಕು ಬೇರೆ ಬೇರೆ ಪೆಟ್ಟಿಗೆಗಳು, ನಾಲ್ಕರಲ್ಲೂ ಅಭಯ ಶೂನ್ಯದಿಂದ ಶುರುವಾಗಬೇಕು. ಒಂದು ಸಣ್ಣ ಕೋಣೆ ಸಾಕು. ಅದರೊಳಗೆ ಒಂದು ರಟ್ಟಿನ ಡಬ್ಬ, ಬೆಕ್ಕು ಹೊಕ್ಕು ಕೂರುವಷ್ಟು ಬಾಯಿ ಕತ್ತರಿಸಿದ್ದು. ಡಬ್ಬದ ಬೆಲೆ ಎಷ್ಟೆಂದು ನೆದರ್‌ಲ್ಯಾಂಡ್ಸ್‌ನಲ್ಲಿ ಅಳೆದು ನೋಡಿದ್ದಾರೆ. 2014ರಲ್ಲಿ ಉಟ್ರೆಕ್ಟ್‌ನ ಕ್ಲೌಡಿಯಾ ವಿಂಕೆ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಆಸರೆಮನೆಗೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗುವ ಡಬ್ಬ ಕೊಟ್ಟರು, 9ಕ್ಕೆ ಕೊಡಲಿಲ್ಲ. ಪ್ರತಿ ಬೆಕ್ಕಿನ ಒತ್ತಡವನ್ನು ಕೆಸ್ಲರ್ ಮತ್ತು ಟರ್ನರ್ 1997ರಲ್ಲಿ ರೂಪಿಸಿದ ಏಳು ಮೆಟ್ಟಿಲಿನ ಅಳತೆಯಲ್ಲಿ ಗುರುತಿಸಿದರು. ಮೈ ಚೆಲ್ಲಿ ಮಲಗಿದ್ದು ಒಂದನೇ ಮೆಟ್ಟಿಲಾದರೆ, ಕಿವಿ ಅಂಟಿಸಿ, ಪಾಪೆ ಹಿಗ್ಗಿಸಿ, ನೆಲಕ್ಕೆ ಒತ್ತಿ ನಡುಗುವುದು ಏಳನೆಯದು. ಡಬ್ಬ ಸಿಕ್ಕಿದ ಬೆಕ್ಕುಗಳು ಕೆಲವೇ ದಿನಗಳಲ್ಲಿ ಇಳಿದವು. ಸಿಗದವು ಎರಡು ವಾರದ ಹೊತ್ತಿಗೆ ಅವುಗಳನ್ನು ಸರಿಗಟ್ಟಿದವು. ಅಡಗಲು ಬಿಟ್ಟರೆ ಅಡಗಿಯೇ ಇರುತ್ತದೆ ಎಂಬ ನಮ್ಮ ಅಂಜಿಕೆಗೆ ಇದು ನೇರ ಉತ್ತರ. ಅಡಗಿದ ಬೆಕ್ಕು ಡಬ್ಬದ ಬಾಯಿಯಿಂದ ಮನೆಯನ್ನು ಓದುತ್ತಿರುತ್ತದೆ: ಯಾರ ಹೆಜ್ಜೆ ಯಾವುದು, ಕುಕ್ಕರ್ ಕೂಗಿದ ಮೇಲೆ ಏನಾಗುತ್ತದೆ, ಮಿಕ್ಸಿಯ ಸದ್ದು ಕೋಣೆಯೊಳಗೆ ಬರುತ್ತದೋ ಇಲ್ಲವೋ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗೆ ಕೇಳಿದರೆ ಬೆಕ್ಕಿನದು 85 ಸಾವಿರ ಕಂಪನಗಳಷ್ಟು ಮೇಲಿನ ಸದ್ದನ್ನೂ ಹಿಡಿಯುತ್ತದೆ. ನಮಗೆ ನಿಶ್ಶಬ್ದವೆನಿಸಿದ ಮನೆ ಅದಕ್ಕೆ ಸಂತೆ. ದೀಪಾವಳಿಯ ವಾರದಲ್ಲೋ ಊರ ಹಬ್ಬದ ತಮಟೆಯ ದಿನಗಳಲ್ಲೋ ಅಂಜುಬುರುಕ ಬೆಕ್ಕನ್ನು ಹೊಸ ಮನೆಗೆ ತರಬಾರದೆನ್ನುವುದು ಇದಕ್ಕೇ.

ಎತ್ತಿಕೊಂಡರೆ ಅಭ್ಯಾಸವಾಗದೇ?

ಹಿರಿಯರು ಹೇಳುವ ಎರಡು ದಾರಿಗಳನ್ನು ಇಲ್ಲಿ ಎದುರಿಸಲೇಬೇಕು, ಎರಡರಲ್ಲೂ ಅನುಭವದ ಒಂದು ಎಳೆ ಇದೆ. ಮೊದಲನೆಯದು, ಹಿಡಿದು ತೊಡೆಯ ಮೇಲಿಟ್ಟುಕೊಂಡು ಸವರಿ, ಒಂದೆರಡು ದಿನ ಪರಚಿ ಸುಮ್ಮನಾಗುತ್ತದೆ ಎನ್ನುವುದು. ಸುಮ್ಮನಾಗುತ್ತದೆ, ನಿಜ. ಓಡಲಾಗದು, ಕಚ್ಚಲಾಗದು ಎಂದು ಖಚಿತವಾದಾಗ ಪ್ರಾಣಿ ಮರಗಟ್ಟುತ್ತದೆ. ಕೆಸ್ಲರ್–ಟರ್ನರ್ ಅಳತೆಯಲ್ಲಿ ಆ ಮೌನ ಏಳನೇ ಮೆಟ್ಟಿಲಿನ ಹತ್ತಿರದ್ದು, ಒಂದನೆಯದಲ್ಲ. ಆ ಹೊತ್ತಿನಲ್ಲಿ ಅಮಿಗ್ಡಲ ಗಂಟು ಹಾಕುತ್ತಿರುವುದು ನಮ್ಮ ಕೈಯ ವಾಸನೆಯನ್ನು. ಇನ್ನೊಂದು ಅಪಾಯವೂ ಇದೆ: ಹೆದರಿದ ಬೆಕ್ಕಿನ ಹಲ್ಲು ಆಳಕ್ಕೆ ಇಳಿಯುತ್ತದೆ, ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಮನೆಗೆ ತರುವ ಮೊದಲೇ ಲಸಿಕೆ ಹಾಕಿಸಿರಬೇಕು. ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು, ಅರಿಸಿನ ಸುಣ್ಣ ಹಚ್ಚಿ ಕೂರುವ ಮಾತಿಲ್ಲ.

ಎರಡನೆಯದು, ಹಸಿವಾದರೆ ತಾನೇ ಬರುತ್ತದೆ ಎಂದು ಊಟ ಬಿಡಿಸುವುದು. ವೋಲ್ಪೆಯ ಬೆಕ್ಕುಗಳು ಇದಕ್ಕೆ ಉತ್ತರ ಕೊಟ್ಟಾಗಿದೆ: ಭಯದ ಜಾಗದಲ್ಲಿ ಹಸಿವು ಸೋಲುತ್ತದೆ. ಬೆಕ್ಕಿನ ಯಕೃತ್ತು ಉಪವಾಸ ತಾಳುವಂಥದ್ದೂ ಅಲ್ಲ. ಕೆಲವು ದಿನ ತಿನ್ನದೆ ಉಳಿದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿ ಪ್ರಾಣಕ್ಕೇ ಕುತ್ತಾಗುತ್ತದೆ, ದಪ್ಪ ಬೆಕ್ಕುಗಳಿಗಂತೂ ಬೇಗ. ಎರಡು ದಿನ ಒಂದು ತುತ್ತೂ ಮುಟ್ಟದಿದ್ದರೆ ಪಶುವೈದ್ಯರನ್ನು ಕೇಳಬೇಕು. ಸರಿಯಾದ ದಾರಿ ಜೋನ್ಸ್ ತೋರಿಸಿದ್ದು. ಜೂರಿಕ್ ಮೃಗಾಲಯದ ನಿರ್ದೇಶಕರಾಗಿದ್ದ ಹೈನಿ ಹೆಡಿಗರ್, ಪ್ರತಿ ಪ್ರಾಣಿಗೂ ಒಂದು ಓಟದ ಅಂತರ ಇದೆ, ಅದನ್ನು ದಾಟಿ ಹತ್ತಿರ ಬಂದರೆ ಪ್ರಾಣಿ ಓಡುತ್ತದೆ ಎಂದು ಗುರುತಿಸಿದ್ದರು. ಮೊದಲ ದಿನ ತಟ್ಟೆಯನ್ನು ಡಬ್ಬದ ಬಾಯಲ್ಲಿಟ್ಟು, ಆ ಅಂತರದ ಆಚೆ ಬಾಗಿಲ ಬಳಿ ಬೆನ್ನು ಓರೆಮಾಡಿ ನೆಲದ ಮೇಲೆ ಕೂತು, ಪೇಪರ್ ಓದುತ್ತ ಇರಬೇಕು. ಬೆಕ್ಕು ನಮ್ಮೆದುರು ತಿಂದರೆ ನಾಳೆ ಒಂದು ಗೇಣು ಹತ್ತಿರ. ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿದರೆ ಎರಡು ಗೇಣು ಹಿಂದೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಬೇಟೆಗಾರರ ಲಕ್ಷಣ. ಬದಲಿಗೆ ಕಣ್ಣನ್ನು ನಿಧಾನಕ್ಕೆ ಅರೆಮುಚ್ಚಿ ತೆರೆದರೆ ಬೆಕ್ಕುಗಳು ತಾವೂ ಹಾಗೇ ಮಾಡುತ್ತವೆ, ಅಪರಿಚಿತರ ಹತ್ತಿರ ಬರಲೂ ಹೆಚ್ಚು ಒಪ್ಪುತ್ತವೆ ಎಂದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಟ್ಯಾಸ್ಮಿನ್ ಹಂಫ್ರಿ, ಕರೆನ್ ಮೆಕೋಂಬ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದ್ದಾರೆ. ಒಬ್ಬರಿಗೆ ಒಗ್ಗಿದ ಮೇಲೆ ಮನೆಯ ಇನ್ನೊಬ್ಬರು, ಆಮೇಲೆ ಮತ್ತೊಬ್ಬರು ಊಟ ಹಾಕಬೇಕು. ಅಭಯ ಒಂದೇ ಜಾಗಕ್ಕೆ, ಒಂದೇ ಮುಖಕ್ಕೆ ಅಂಟಿಕೊಳ್ಳದಂತೆ ಹಲವು ಅಂಗಡಿಯಲ್ಲಿ ಉದ್ರಿ ತೆರೆಸುವ ಕ್ರಮ ಇದು.

ಊರು ತುಂಬ ಮರಿಗಳಿರುವಾಗ ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಕೇಳುವವರಿಗೆ ಹೇಳುವುದು ಇಷ್ಟೇ: ಮರಿಗೆ ಮನೆ ತಾನಾಗಿ ಸಿಗುತ್ತದೆ, ಈ ಬೆಕ್ಕಿಗೆ ಸಿಗುವುದಿಲ್ಲ. ಇದಕ್ಕೆ ಬೇಕಾದ ಶ್ರಮದ ಬಹುಪಾಲು ಸುಮ್ಮನೆ ಕೂರುವುದು.

ಬಾಗಿಲು ತೆರೆಯುವ ದಿನ

ಹಳ್ಳಿ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕುವುದೇ ಕ್ರೌರ್ಯ, ತೋಟಕ್ಕೆ ಬಿಟ್ಟರೆ ಬದುಕಿಕೊಳ್ಳುತ್ತದೆ ಎಂಬ ಮಾತಿನಲ್ಲಿ ಕರುಣೆಯಿದೆ, ಲೆಕ್ಕ ತಪ್ಪಿದೆ. ಬೇಡದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಶಿಂಷಾ ಹೊಳೆಯಾಚೆ ಬಿಟ್ಟು ಬಂದರೂ ಅದು ಮರಳಿದ ಕಥೆಗಳನ್ನು ನಾವು ಕೇಳಿದ್ದೇವೆ. ಮರಳದೆ ಹೋದವುಗಳ ಕಥೆ ಹೇಳಲು ಯಾರೂ ಇರುವುದಿಲ್ಲ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಮೊದಲ ವಾರ ಹೊರಗೆ ಬಿಟ್ಟ ಅಂಜುಬುರುಕ ಬೆಕ್ಕಿಗೆ ಹೊಸ ಮನೆ ಇನ್ನೂ ಮನೆಯಾಗಿರುವುದಿಲ್ಲ. ನಾಯಿ ಬೊಗಳಿದರೆ ಓಡಿ ಬರಬೇಕಾದ ದಿಕ್ಕು ಯಾವುದೆಂದೇ ಅದಕ್ಕೆ ತಿಳಿದಿರುವುದಿಲ್ಲ. ಒಂದು ಕಡೆ ಆಳೆತ್ತರದ ಕಬ್ಬು, ಇನ್ನೊಂದು ಕಡೆ ವಾಹನಗಳು ನಿಲ್ಲದೆ ಹರಿಯುವ ಹೆದ್ದಾರಿ. ಹಾಗೂ ತಪ್ಪಿಸಿಕೊಂಡರೆ ಊರಾಚೆ ಹುಡುಕುವುದಕ್ಕಿಂತ ಮೊದಲು ಹತ್ತಿರ ಹುಡುಕಿ. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಹೆದರಿದ ಬೆಕ್ಕು ಕರೆದರೆ ಓಗೊಡುವುದಿಲ್ಲ. ಪಕ್ಕದ ಮನೆಯ ಸೌದೆ ರಾಶಿ, ಮೋರಿ, ಹುಲ್ಲಿನ ಮೆದೆಯ ಬುಡದಲ್ಲಿ ರಾತ್ರಿ ಟಾರ್ಚ್ ಬಿಟ್ಟರೆ ಎರಡು ಕಣ್ಣು ಹೊಳೆಯುತ್ತವೆ. ಬಾಗಿಲು ತೆರೆಯುವುದು ನಾಲ್ಕು ವಾರವಾದರೂ ಕಳೆದ ಮೇಲೆ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರೆ, ಊಟಕ್ಕೆ ಸ್ವಲ್ಪ ಮುಂಚೆ, ಹಸಿವೇ ಹಿಂದಕ್ಕೆ ಕರೆಯುವ ಹೊತ್ತಿನಲ್ಲಿ.

ಪರಿಚಯದ ಕಾಲದಲ್ಲಿ ಮನುಷ್ಯರನ್ನೇ ಕಾಣದೆ ಬೆಳೆದ ಕೆಲವು ಬೆಕ್ಕುಗಳು ತೊಡೆಯೇರುವ ದಿನ ಬಾರದೇ ಇರಬಹುದು. ಅವನ್ನು ನಗರದ ಫ್ಲ್ಯಾಟಿನಲ್ಲಿಟ್ಟು ಮುದ್ದಿಗೆ ಒತ್ತಾಯಿಸುವುದು ಯಾರಿಗೂ ಹಿತವಲ್ಲ. ಸೋಮನಹಳ್ಳಿಯಂಥ ಊರು ಅವಕ್ಕೆ ಬೆಂಗಳೂರಿಗಿಂತ ವಾಸಿ. ಆಲೆಮನೆಯಲ್ಲಿ, ಭತ್ತದ ಮೂಟೆಗಳ ಕೋಣೆಯಲ್ಲಿ ಇಲಿ ಹೆಗ್ಗಣಗಳಿಗೆ ಬರವಿಲ್ಲ, ಅಟ್ಟದ ಮೇಲೆ ಮನುಷ್ಯರಿಂದ ಹತ್ತಡಿ ದೂರ ಬದುಕುವ ಬೆಕ್ಕಿಗೆ ಅಲ್ಲಿ ಘನತೆಯ ಬಾಳಿದೆ. ಅಲ್ಲಿಯೂ ಮೊದಲ ಮೂರು ನಾಲ್ಕು ವಾರ ಜಾಲರಿ ಹಾಕಿದ ಮೂಲೆಯಲ್ಲಿಟ್ಟು, ದಿನಾ ಒಂದೇ ಹೊತ್ತಿಗೆ ಊಟವಿಟ್ಟು, ಆಮೇಲೆ ಬಿಡಬೇಕು. ಇಲಿ ಹಿಡಿಯುತ್ತದೆಂದು ಊಟ ನಿಲ್ಲಿಸಿದರೆ ಬೆಕ್ಕು ಊಟವಿರುವ ಕಡೆಗೆ ಹೊರಟುಹೋಗುತ್ತದೆ.

ಬೆಕ್ಕು ಕೊಡುವವರು ಸಾಮಾನ್ಯವಾಗಿ ಕಳಿಸುವ ವಿವರದಲ್ಲಿ ಬಣ್ಣ, ವಯಸ್ಸು, ಲಸಿಕೆಯ ತಾರೀಖು, ಸಾಧು ಸ್ವಭಾವ ಎಂಬ ಒಂದು ಮಾತು ಇರುತ್ತದೆ. ಸಾಧು ಎಂಬುದು ಎರಡನೇ ಪೆಟ್ಟಿಗೆಯ ಸತ್ಯ. ಹೊಸ ಮನೆಯವರಿಗೆ ಬೇಕಾದದ್ದು ಬೇರೆ: ಯಾವ ಕಂಪನಿಯ ಊಟ, ಯಾವ ಹೊತ್ತಿಗೆ, ಸ್ಟೀಲ್ ತಟ್ಟೆಯೋ ಪ್ಲಾಸ್ಟಿಕ್ ಬಟ್ಟಲೋ, ಏನೆಂದು ಕರೆದರೆ ಕಿವಿ ತಿರುಗಿಸುತ್ತಿತ್ತು, ಹೆಂಗಸರ ದನಿಗೆ ಮೊದಲು ಬಂತೋ ಗಂಡಸರ ದನಿಗೋ, ಎಷ್ಟು ದೂರದಲ್ಲಿ ಕೂತರೆ ತಿನ್ನುವುದನ್ನು ನಿಲ್ಲಿಸುತ್ತಿರಲಿಲ್ಲ, ಕೆನ್ನೆ ಮುಟ್ಟಿಸಿಕೊಳ್ಳುತ್ತಿತ್ತೋ ಬೆನ್ನೋ, ಮೊದಲ ಸಲ ಹೊರಗೆ ಬರಲು ಎಷ್ಟು ದಿನ ಹಿಡಿಯಿತು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಆ ಒಗೆಯದ ಬಟ್ಟೆಯ ಜೊತೆ ಒಂದೇ ಚೀಲಕ್ಕೆ ಹಾಕಿ, ಬೆಕ್ಕಿನ ಪಂಜರದ ಪಕ್ಕದ ಸೀಟಿನಲ್ಲಿ ಇಟ್ಟು ಕಳಿಸಬೇಕು.